ಒಕ್ಕಲಿಲ್ಲದ ಗುಡಿಗಳು

ಅರಸೀಕೆರೆಯಿಂದ ಬೇಲೂರಿಗೆ ಜಾವಗಲ್, ಹಳೇಬೀಡಿನ ಮೇಲೆ ಹೋಗುವ ಬಸ್ಸಿನಲ್ಲಿ ನಾನು ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ರೈಲಿಳಿದು ಬಂದ ಪ್ರವಾಸಿಗರು ಹಳೇಬೀಡು ಬಂದಾಗ ಗಡಿಬಿಡಿಯಿಂದ ಇಳಿಯುತ್ತಾರೆ. ಜಾವಗಲ್‌ನಲ್ಲಿ ಇಳಿಯುವವರು ಊರಿನವರು ಮಾತ್ರ. ಹೊರಗಿನವರು ಬೋರ್ಡು ಓದಿ, 'ಓ, ಶ್ರೀನಾಥ್ ಊರು' ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ, ಅಷ್ಟರಲ್ಲಿ ಬಸ್ಸು ಹೊರಟಿರುತ್ತದೆ.

ಹಾಸನ ಸೀಮೆಯ ಬಗೆಗಿನ ಕನ್ನಡ ಪ್ರವಾಸ ಬರಹ ನನ್ನ ಸಂಶೋಧನೆಯ ವಿಷಯ. ಹಳೆಯ ಕೈಪಿಡಿಗಳು, ವಾರಪತ್ರಿಕೆಗಳ ಸಚಿತ್ರ ಲೇಖನಗಳು, ಈಚಿನ ಅಂತರ್ಜಾಲ ಬರಹಗಳು ಹೀಗೆ ಸಿಕ್ಕಿದ್ದೆಲ್ಲವನ್ನೂ ಓದುತ್ತ ಬಂದಿದ್ದೇನೆ. ಇವುಗಳಲ್ಲಿ ಒಳ್ಳೆಯ ಬರಹಗಳಿವೆ. ಬೇಲೂರಿನ ಮದನಿಕೆಯರ ಬಗ್ಗೆ, ಹಳೇಬೀಡಿನ ಗೋಡೆಯ ಆನೆ ಸಾಲಿನ ಬಗ್ಗೆ, ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ಮಂಟಪದ ಬಗ್ಗೆ ಪ್ರೀತಿಯಿಂದ, ತಿಳಿದು ಬರೆದವರಿದ್ದಾರೆ. ಆದರೆ ಓದುತ್ತ ಓದುತ್ತ ಒಂದು ಪ್ರಶ್ನೆ ದೊಡ್ಡದಾಗುತ್ತ ಹೋಯಿತು. ಈ ಗುಡಿಗಳ ಸುತ್ತಲಿನ ಊರಿನಲ್ಲಿ ಯಾರಾದರೂ ಇದ್ದಾರೆಯೇ? ಇದ್ದರೆ ಅವರು ಬರಹದಲ್ಲಿ ಯಾವಾಗ ಬರುತ್ತಾರೆ? ನನ್ನ ಓದಿನ ಮಟ್ಟಿಗೆ ಅವರು ಎರಡೇ ಕಡೆ ಬರುತ್ತಾರೆ: ದಾರಿ ಹೇಳುವವರಾಗಿ, ಇಲ್ಲವೇ ಎಳನೀರು ಮಾರುವವರಾಗಿ.

ಕನ್ನಡದಲ್ಲಿ 'ಒಕ್ಕಲು' ಎಂಬ ಮಾತಿದೆ. ಜಮೀನಿನ ಒಕ್ಕಲು ಒಂದು ಅರ್ಥ. ನಮ್ಮ ಕಡೆ ಅಷ್ಟೇ ಬಳಕೆಯಲ್ಲಿರುವ ಇನ್ನೊಂದು ಅರ್ಥ ದೇವರ ಒಕ್ಕಲು. 'ನಾವು ಜೇನುಕಲ್ಲು ಸಿದ್ದೇಶ್ವರನ ಒಕ್ಕಲು' ಎಂದು ನಮ್ಮಜ್ಜಿ ಹೇಳುವಾಗ ಅದರಲ್ಲಿ ಭಕ್ತಿಯ ಜೊತೆಗೆ ಒಂದು ವಿಳಾಸವೂ ಇರುತ್ತಿತ್ತು. ಯಾರ ಮನೆಯ ಮೊದಲ ಬೆಳೆ ಎಲ್ಲಿಗೆ ಹೋಗಬೇಕು, ಜಾತ್ರೆಯಲ್ಲಿ ಯಾರು ಏನು ಹೊರಬೇಕು, ಸಾವಾದರೆ ಯಾರ ಮನೆಗೆ ಹೇಳಿ ಕಳಿಸಬೇಕು ಎಂಬುದೆಲ್ಲ ಆ ಒಂದು ಮಾತಿನೊಳಗೆ ಅಡಗಿತ್ತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಪ್ಯಾರಿಷ್ ಎನ್ನುವುದು ಹೆಚ್ಚುಕಡಿಮೆ ಇದೇ. ಒಂದು ಚರ್ಚು, ಅದಕ್ಕೆ ಸೇರಿದ ನೆಲ, ಆ ನೆಲದ ಮೇಲಿನ ಮನೆಗಳು. 1538ರಿಂದ ಪ್ರತಿ ಪ್ಯಾರಿಷ್ ತನ್ನ ದೀಕ್ಷಾಸ್ನಾನ, ಮದುವೆ, ಸಾವುಗಳ ಪುಸ್ತಕ ಇಡಬೇಕೆಂದು ಅಲ್ಲಿ ಆಜ್ಞೆಯಾಯಿತು. 1601ರ ಕಾನೂನು ಪ್ರತಿ ಪ್ಯಾರಿಷ್‌ಗೂ ತನ್ನ ಬಡವರನ್ನು ನೋಡಿಕೊಳ್ಳುವ ಹೊಣೆ ಹೊರಿಸಿತು. ಹಾಗಾಗಿ ಯಾವ ಚರ್ಚಿನ ಲೆಕ್ಕಕ್ಕೆ ಸೇರಿದವರು ಎಂಬುದರ ಮೇಲೆ ಕಷ್ಟಕಾಲದಲ್ಲಿ ಯಾರಿಗೆ ರೊಟ್ಟಿ ಸಿಗುತ್ತದೆ ಎಂಬುದೂ ನಿಂತಿತ್ತು. ನಮ್ಮ ಕ್ಯಾಥೊಲಿಕರು ಪ್ಯಾರಿಷ್ ಅನ್ನು 'ಧರ್ಮಕೇಂದ್ರ' ಎನ್ನುತ್ತಾರೆ. ಆ ಪದ ಆಡಳಿತಕ್ಕೆ ಸರಿ. ಆದರೆ ಅದರ ಬದುಕನ್ನು ಹಿಡಿಯಲು ನನಗೆ 'ಒಕ್ಕಲು' ಎಂಬ ಮಾತೇ ಹತ್ತಿರ.

ಪ್ಯಾರಿಷ್ ಬಗ್ಗೆ ಬರೆದ ಪುಸ್ತಕಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಗಿಲ್ಬರ್ಟ್ ವೈಟ್‌ನ ಸೆಲ್ಬೋರ್ನ್ ಕುರಿತ ಪುಸ್ತಕ. 1789ರಲ್ಲಿ ಬಂದದ್ದು. ಹ್ಯಾಂಪ್‌ಶೈರ್‌ನ ಒಂದು ಸಣ್ಣ ಹಳ್ಳಿಯಲ್ಲಿ ಸಹಾಯಕ ಪಾದ್ರಿಯಾಗಿದ್ದ ವೈಟ್ ಅಲ್ಲಿನ ಹಕ್ಕಿ, ಹುಳು, ಮಳೆ, ಮಣ್ಣಿನ ಬಗ್ಗೆ ಗೆಳೆಯರಿಗೆ ಬರೆದ ಪತ್ರಗಳು ಅದರಲ್ಲಿವೆ. ಪ್ರಕೃತಿ ಬರವಣಿಗೆಯ ಮೂಲಗ್ರಂಥ ಎಂದು ಅದನ್ನು ಓದುತ್ತೇವೆ. ನನ್ನನ್ನು ತಡೆದು ನಿಲ್ಲಿಸಿದ್ದು ಹಕ್ಕಿಗಳ ನಡುವೆ ಬರುವ ಒಂದು ಲೆಕ್ಕ. 1783ರ ಅಕ್ಟೋಬರ್‌ನಲ್ಲಿ ಆತ ಊರನ್ನು ಎಣಿಸುತ್ತಾನೆ: 136 ಮನೆಗಳು, 676 ಜನ. ಬೀದಿಯಲ್ಲಿರುವವರು ಎಷ್ಟು, ಹೊರಗಿನ ಹಟ್ಟಿಗಳಲ್ಲಿರುವವರು ಎಷ್ಟು ಎಂದು ಬೇರೆ ಮಾಡುತ್ತಾನೆ. ಚರ್ಚಿನ ಪುಸ್ತಕದಿಂದ 60 ವರ್ಷಗಳ ಹುಟ್ಟು ಸಾವುಗಳನ್ನು ತೆಗೆದು ಕೂಡಿಸುತ್ತಾನೆ. ಇದೇ ಪುಸ್ತಕಕ್ಕೆ ಊರಿನ ಪ್ರಾಚೀನತೆ, ಚರ್ಚು, ಮಠಗಳ ಬಗ್ಗೆ ಎರಡನೆಯ ಭಾಗವೊಂದಿದೆ. ಅನೇಕ ಜನಪ್ರಿಯ ಮುದ್ರಣಗಳು ಅದನ್ನು ಬಿಟ್ಟುಬಿಡುತ್ತವೆ. ಹಕ್ಕಿ ಉಳಿಯಿತು, ಕಲ್ಲು ಹೋಯಿತು. ನಮ್ಮ ಹಾಸನದ ಬರಹಗಳಲ್ಲಿ ಆದದ್ದು ಇದರ ತಿರುವು: ಕಲ್ಲು ಉಳಿಯಿತು, ಮಿಕ್ಕಿದ್ದೆಲ್ಲ ಹೋಯಿತು.

ನಮ್ಮ ಪರಂಪರೆಗೆ ಈ ಎಣಿಕೆ ಗೊತ್ತಿರಲಿಲ್ಲ ಎಂದರೆ ಒಪ್ಪುವುದು ಕಷ್ಟ. ನಮ್ಮ ಶಾಸನಗಳನ್ನೇ ನೋಡಿ. ಪಠ್ಯಪುಸ್ತಕದಲ್ಲಿ, ಪ್ರವಾಸ ಕಥನದಲ್ಲಿ ಬರುವುದು ಶಾಸನದ ಮೊದಲ ಅರ್ಧ: ರಾಜನ ಬಿರುದು, ವಂಶ, ಯುದ್ಧ, ಗುಡಿ ಕಟ್ಟಿಸಿದ ವರ್ಷ. ಎರಡನೆಯ ಅರ್ಧವನ್ನು ಓದುವವರು ಲಿಪಿತಜ್ಞರು ಮಾತ್ರ. ಅಲ್ಲಿ ಗುಡಿಗೆ ಬಿಟ್ಟ ಊರು, ಗದ್ದೆ, ಬೆದ್ದಲು, ಗಾಣ ಇರುತ್ತವೆ. ಮೂಡಲಿಗೆ ಹುತ್ತ, ತೆಂಕಲಿಗೆ ಮರ, ಪಡುವಲಿಗೆ ಹಳ್ಳ, ಬಡಗಲಿಗೆ ನೆಟ್ಟ ಕಲ್ಲು ಎಂಬಂಥ ಎಲ್ಲೆಗಳಿರುತ್ತವೆ. ನಂದಾದೀಪಕ್ಕೆ ಎಣ್ಣೆ ಯಾರದು, ಪೂಜಾರಿಗೆ ಪಾಲೆಷ್ಟು, ಜೀರ್ಣೋದ್ಧಾರಕ್ಕೆ ಎಷ್ಟು ಎಂಬುದೂ ಇರುತ್ತದೆ. ಇದೇ ಒಕ್ಕಲಿನ ಲೆಕ್ಕ.

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯನ್ನು ತೆಗೆದುಕೊಳ್ಳಿ. ಅಲ್ಲಿನ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪ ತನ್ನ ತಂದೆ, ದಂಡನಾಯಕ ಗಂಗರಾಜನ ನೆನಪಿಗೆ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ವಿಷ್ಣುವರ್ಧನನ ಕೈಸೇರುವ ಹೊತ್ತಿಗೆ ಅವನು ಯುದ್ಧ ಗೆದ್ದಿದ್ದ, ಅವನಿಗೆ ಮಗನೂ ಹುಟ್ಟಿದ್ದ. ಸಂತೋಷದಲ್ಲಿ ದೇವರಿಗೆ ವಿಜಯ ಪಾರ್ಶ್ವ ಎಂದು ಹೆಸರಿಟ್ಟ. ಈ ಕಥೆ ಬಹಳ ಬರಹಗಳಲ್ಲಿ ಬರುತ್ತದೆ, ಚೆನ್ನಾಗಿಯೂ ಇದೆ. ಬಸದಿಯ ಕಂಬಗಳ ಹೊಳಪಿನ ಮಾತಂತೂ ತಪ್ಪುವುದೇ ಇಲ್ಲ. ಆದರೆ ಅದೇ ಶಾಸನ ಹೇಳುವ ಇನ್ನೊಂದು ಸಂಗತಿ, ಆ ದೇವರಿಗೆ ದತ್ತಿಯಾಗಿ ಬಿಟ್ಟ ಊರು ಜಾವಗಲ್ ಎಂಬುದು, ಬರುವುದು ಅಪರೂಪ. ಅಂದರೆ ಪ್ರವಾಸಿಗರು ಇಳಿಯದೆ ಮುಂದೆ ಹೋಗುವ ಆ ಊರಿನ ದುಡಿಮೆಯ ಮೇಲೆ ಅವರು ಮೆಚ್ಚುವ ಕಂಬಗಳ ಕೆಳಗಿನ ದೀಪ ಉರಿಯಬೇಕಿತ್ತು. ಜಾವಗಲ್‌ನಲ್ಲಿ ಇವತ್ತು ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಯೂ ಇದೆ, ಉರುಸು ನಡೆಯುವ ದರ್ಗಾವೂ ಇದೆ. ಬಸದಿಗೆ ಬಿಟ್ಟ ಊರು ಒಂಬೈನೂರು ವರ್ಷಗಳಲ್ಲಿ ಏನೇನಾಯಿತು ಎಂಬುದು ಯಾವ ಶಿಲ್ಪಕ್ಕೂ ಕಡಿಮೆಯಿಲ್ಲದ ಕಥೆ. ಹಳೇಬೀಡಿನ ಬರಹಗಳಾದರೋ 14ನೇ ಶತಮಾನದ ದೆಹಲಿಯ ದಾಳಿಗಳಿಗೆ ಬಂದು ನಿಂತುಬಿಡುತ್ತವೆ. ಆಮೇಲಿನದು ಬರೀ 'ಹಾಳು'. ಆ ಹಾಳಿನ ನಡುವೆ ದನ ಕಟ್ಟಿ, ರಾಗಿ ಬೆಳೆದು, ಹೆಣ್ಣು ಕೊಟ್ಟು ತಂದು ಬದುಕಿದ ತಲೆಮಾರುಗಳು ಆ ಒಂದು ಪದದೊಳಗೆ ಮುಚ್ಚಿಹೋದವು.

ಬೇಲೂರಿನ ಮಾತು ಸ್ವಲ್ಪ ಬೇರೆ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಇಂದಿಗೂ ಪೂಜೆಗೊಳ್ಳುವ ದೇವರು. ಅಲ್ಲಿ ಒಕ್ಕಲು ಇದೆ, ಕಣ್ಣಿಗೂ ಕಾಣುತ್ತದೆ. ಚನ್ನಗಿರಿ, ಬಸವಾಪಟ್ಟಣದ ಮಾದಿಗರು ಕೇಶವನಿಗೆ ಪಾದರಕ್ಷೆ ಮಾಡಿ ಒಪ್ಪಿಸುವ ಪದ್ಧತಿಯನ್ನು ಹಳೆಯ ಗೆಜೆಟಿಯರು ದಾಖಲಿಸಿದೆ. ದೇವರು ಆ ಮೆಟ್ಟು ಮೆಟ್ಟಿಕೊಂಡು ಬಾಬಾಬುಡನ್ ಬೆಟ್ಟದ ಕಡೆ ಹೋಗಿಬರುತ್ತಾನೆಂದು ನಂಬಿಕೆ. ರಥೋತ್ಸವದ ಹೊತ್ತಿಗೆ ದೊಡ್ಡಮೇದೂರಿನ ಖಾಜಿ ಬಂದು ಕುರಾನಿನ ಸಾಲು ಪಠಿಸುವ ವಾಡಿಕೆ ದೇವಸ್ಥಾನದ 1932ರ ಕೈಪಿಡಿಯಲ್ಲೂ ಇದೆ. ಇತ್ತೀಚಿನ ವರ್ಷಗಳಲ್ಲಿ ಈ ವಾಡಿಕೆಗೆ ವಿರೋಧ ಎದ್ದಿತು, ಊರಿನಲ್ಲಿ ಪ್ರತಿಭಟನೆ ಆಯಿತು. ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ನನಗೆ ಕಾಡಿದ್ದು ಇದು: ಬೇಲೂರಿನ ಬಗ್ಗೆ ಕನ್ನಡದಲ್ಲಿ ಇಷ್ಟೊಂದು ಬರೆದಿದ್ದೇವಲ್ಲ, ಅದರಲ್ಲಿ ಖಾಜಿ ಎಷ್ಟು ಪುಟಗಳಲ್ಲಿದ್ದ? ಪಾದರಕ್ಷೆ ಹೊಲಿದವರು ಎಷ್ಟು ಪುಟಗಳಲ್ಲಿದ್ದರು? ದರ್ಪಣ ಸುಂದರಿ ಪ್ರತಿ ಲೇಖನದಲ್ಲೂ ಇದ್ದಾಳೆ. ಬರಹದಲ್ಲಿ ಬಾರದವರನ್ನು 'ನೀವು ಇಲ್ಲಿಯವರಲ್ಲ' ಎನ್ನುವುದು ಸುಲಭ. ಕಲೆಯನ್ನಷ್ಟೇ ಮೆಚ್ಚಿ ಬರೆದ ನಮ್ಮ ಮುಗ್ಧ ಪ್ರಬಂಧಗಳಿಗೂ ಈ ಜಗಳದಲ್ಲಿ ಒಂದು ಪಾಲಿದೆ ಎಂದು ನನಗನ್ನಿಸುತ್ತದೆ. ಒಕ್ಕಲಿನ ಎಲ್ಲೆಯನ್ನು ಅವು ಬರೆದಿಡಲಿಲ್ಲ. ಈಗ ಅದನ್ನು ಬೇರೆಯವರು ತಮಗೆ ಬೇಕಾದಂತೆ ಎಳೆಯುತ್ತಿದ್ದಾರೆ.

ಬೇಲೂರು, ಹಳೇಬೀಡು ನೋಡಿದವರಿಗೆ ಈಗ ಮೂರನೆಯ ಜಾಗವೊಂದು ಸೇರಿಕೊಂಡಿದೆ. ಹಾಸನದಿಂದಾಚೆ, ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿರುವ ಶೆಟ್ಟಿಹಳ್ಳಿಯ ಚರ್ಚು. ಚಾವಣಿಯಿಲ್ಲದ ಗಾಥಿಕ್ ಶೈಲಿಯ ಕಮಾನುಗಳು, ಮಳೆಗಾಲದಲ್ಲಿ ಅರ್ಧ ನೀರು, ಬೇಸಿಗೆಯಲ್ಲಿ ಬಿರುಕುಬಿಟ್ಟ ಕೆಸರು. 'ಮುಳುಗುವ ಚರ್ಚು' ಎಂದು ಕರೆಯುತ್ತಾರೆ. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವವರು ದೂರದೂರದಿಂದ ಬರುತ್ತಾರೆ. ಇಂಗ್ಲೆಂಡಿನ ಹಳ್ಳಿಯ ಪ್ಯಾರಿಷ್‌ಗೆ ರೂಪದಲ್ಲಿ ಇಷ್ಟು ಹತ್ತಿರವಾದದ್ದು ನಮ್ಮ ಸೀಮೆಯಲ್ಲಿ ಇನ್ನೊಂದಿಲ್ಲ: ಒಂದು ಹಳ್ಳಿ, ಒಂದು ಚರ್ಚು, ಸುತ್ತ ಹೊಲ. ಹಾಗಾಗಿ ನಮ್ಮ ಬರವಣಿಗೆಯ ಪರೀಕ್ಷೆಯೂ ಇಲ್ಲಿಯೇ ಆಗಬೇಕು.

ಶೆಟ್ಟಿಹಳ್ಳಿಯ ಬಗ್ಗೆ ನಾನು ಓದಿದ ಬರಹಗಳಲ್ಲಿ ಮೂರು ಮಾತು ಮತ್ತೆಮತ್ತೆ ಬರುತ್ತವೆ. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರು ಎಂಬುದು ಒಂದು. 1860ರ ಸುಮಾರಿಗೆ ಫ್ರೆಂಚ್ ಮಿಷನರಿಗಳು ಕಟ್ಟಿದರು ಎಂಬುದು ಇನ್ನೊಂದು. ಕಟ್ಟಿಸಿದವರು ಅಬ್ಬೆ ದುಬುವಾ ಎಂಬುದು ಮೂರನೆಯದು. ಎರಡನೆಯದೂ ಮೂರನೆಯದೂ ಒಂದೇ ಪ್ಯಾರಾದಲ್ಲಿ, ಕೆಲವೊಮ್ಮೆ ಒಂದೇ ವಾಕ್ಯದಲ್ಲಿ ಬರುತ್ತವೆ. ದುಬುವಾ 1823ರಲ್ಲಿ ಇಂಡಿಯಾ ಬಿಟ್ಟರು, 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. 1860ರಲ್ಲಿ ಅವರು ಚರ್ಚು ಕಟ್ಟಿಸುವುದು ಹೇಗೆ? ಇದು ಸಣ್ಣ ತಪ್ಪು, ಯಾರು ಬೇಕಾದರೂ ಮಾಡಬಹುದು. ಆದರೆ ಒಬ್ಬರೂ ನಿಂತು ಕೂಡಿ ಕಳೆಯದೆ ಅದು ಒಂದು ಬರಹದಿಂದ ಇನ್ನೊಂದಕ್ಕೆ ಹರಿಯುತ್ತಿದೆ ಎಂದರೆ, ಆ ವರ್ಷವೂ ಹೆಸರೂ ಅಲಂಕಾರಕ್ಕೆ ಇವೆ ಎಂದರ್ಥ. ಊರು ಯಾರದ್ದು ಎಂದು ಕೇಳುವ ಬರಹಕ್ಕೆ ಈ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತಿತ್ತು.

ದುಬುವಾ ಹೆಸರು ಈ ಸೀಮೆಗೆ ಅಂಟಿಕೊಂಡದ್ದಕ್ಕೆ ಕಾರಣವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿ, ಹಾಸನದ ಹತ್ತಿರ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಮಾಡಿಕೊಟ್ಟವರು ಅವರು. ಊರವರಂತೆ ಉಟ್ಟು, ಊರವರಂತೆ ಉಂಡು, 'ದೊಡ್ಡ ಸ್ವಾಮಿಯವರು' ಎನ್ನಿಸಿಕೊಂಡರು. ಆದರೆ ಅವರನ್ನು ಜಗತ್ಪ್ರಸಿದ್ಧ ಮಾಡಿದ ಗ್ರಂಥ ಹಿಂದೂಗಳ ನಡೆನುಡಿ, ಸಂಸ್ಕಾರಗಳ ಬಗೆಗಿನದು. ಇಂಗ್ಲಿಷಿನಲ್ಲಿ 1816ರಲ್ಲಿ ಬಂತು. ಮುಂದೆ ಅದರ ಒಂದು ಆವೃತ್ತಿಗೆ ಮ್ಯಾಕ್ಸ್ ಮುಲ್ಲರ್ ಮುನ್ನುಡಿ ಬರೆದರು. ಅದರಲ್ಲಿ ಬಹುಪಾಲು ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು ಸಿಲ್ವಿಯಾ ಮುರ್ 1980ರ ದಶಕದಲ್ಲಿ ತೋರಿಸಿಕೊಟ್ಟರು. ಕೃತಿಚೌರ್ಯದ ಚರ್ಚೆ ಅತ್ತ ಇರಲಿ. ಆ ದಪ್ಪ ಗ್ರಂಥದ ನಾಯಕ 'ಹಿಂದೂ' ಎಂಬ ಒಬ್ಬ ಸಾಮಾನ್ಯ ಮನುಷ್ಯ. ಅವನಿಗೆ ಊರಿಲ್ಲ, ಹೊಲದ ಎಲ್ಲೆಯಿಲ್ಲ. ಗಿಲ್ಬರ್ಟ್ ವೈಟ್ ತನ್ನ ಪ್ಯಾರಿಷ್ ಬಿಟ್ಟು ಹೆಚ್ಚು ದೂರ ಹೋಗದೆ ಒಂದು ಜಗತ್ತನ್ನು ಬರೆದ. ದುಬುವಾ ಜಗತ್ತಿನ ಈ ತುದಿಗೆ ಬಂದು ಒಕ್ಕಲು ಕಟ್ಟಿದರು, ಆದರೆ ಒಕ್ಕಲನ್ನು ಬರೆಯಲಿಲ್ಲ. ಹಿಂತಿರುಗಿದ ವರ್ಷ ಪ್ರಕಟಿಸಿದ ಪತ್ರಗಳಲ್ಲಿ, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆ ಇಲ್ಲ ಎಂಬ ನಿರಾಶೆಯನ್ನೇ ತೋಡಿಕೊಂಡರು. ಅವರು ಆಸೆ ಬಿಟ್ಟ ಆ ಒಕ್ಕಲು ಎರಡು ಶತಮಾನ ಕನ್ನಡದಲ್ಲೇ ಜಪಮಾಲೆ ಎಣಿಸುತ್ತ ಉಳಿದುಕೊಂಡಿತು.

ಹೇಮಾವತಿ ತೀರವನ್ನು ಬರೆದವರು ಕನ್ನಡದಲ್ಲಿ ಇಲ್ಲವೆಂದಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರ 'ಹಳ್ಳಿಯ ಚಿತ್ರಗಳು' 1930ರದು. ಗೊರೂರು ಎಂಬ ಊರು ಕನ್ನಡಿಗರಿಗೆ ಗೊತ್ತಾದದ್ದು ಅಣೆಕಟ್ಟಿಗಿಂತ ಮೊದಲು ಆ ಪುಸ್ತಕದಿಂದ. ಅವರ ಬರಹದಲ್ಲಿ ಊರೆಂದರೆ ಮೊದಲು ಜನ, ಆಮೇಲೆ ನದಿ, ಗುಡಿ ಎಲ್ಲ. ನಾನು ಕೇಳುತ್ತಿರುವುದಕ್ಕೆ ಕನ್ನಡದಲ್ಲಿ ಹತ್ತಿರದ ಮಾದರಿ ಅದೇ. ಅದಕ್ಕೂ ಮಿತಿಯಿದೆ. ಗೊರೂರರ ನಗೆ ಎಲ್ಲರನ್ನೂ ಒಂದೇ ಜಗಲಿಯ ಮೇಲೆ ಕೂರಿಸುತ್ತದೆ. ಜಗಲಿ ಏರಲಾಗದವರ ಅಂಗಳದಿಂದ ನೋಡಿದರೆ ಅದೇ ಊರು ಬೇರೆ ಥರ ಕಾಣಬಹುದು ಎಂಬ ಅನುಮಾನವನ್ನು ಆ ನಗೆ ಮೆತ್ತಗೆ ಸರಿಸಿಬಿಡುತ್ತದೆ. ಆದರೂ ಅವರಲ್ಲಿ ಮನುಷ್ಯರಿಗೆ ಹೆಸರಿದೆ, ಮನೆಯಿದೆ, ಚಟವಿದೆ. ಅವರ ನಂತರ ಹೇಮಾವತಿಯ ದಡಕ್ಕೆ ಬಂದ ಪ್ರವಾಸ ಬರಹ ಆ ಜಗಲಿಯನ್ನೂ ಕಳೆದುಕೊಂಡು ಬರೀ ನೋಟಕ್ಕಿಳಿಯಿತು.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿಯಿತು. ಜಲಾಶಯದ ಪೂರ್ಣಮಟ್ಟ 2922 ಅಡಿ, ಸಂಗ್ರಹ 37 ಟಿಎಂಸಿ. ಹಾಸನದಲ್ಲಿ ಮಳೆಗಾಲದಲ್ಲಿ ಈ ಅಂಕಿಗಳು ಎಲ್ಲರ ಬಾಯಲ್ಲೂ ಇರುತ್ತವೆ, ಪತ್ರಿಕೆಯಲ್ಲಿ ದಿನವೂ ಬರುತ್ತವೆ. ನೀರಿನ ಲೆಕ್ಕ ಇಷ್ಟು ಕರಾರುವಾಕ್ಕಾಗಿದೆ. ಮುಳುಗಿದ ಊರುಗಳ ಮನೆಗಳ ಲೆಕ್ಕ ಯಾರ ಬಾಯಲ್ಲೂ ಇಲ್ಲ. ಸಂತ್ರಸ್ತರ ಹೆಸರಿನಲ್ಲಿ ನಡೆದ ಜಮೀನು ಮಂಜೂರಾತಿ ಇಂದಿಗೂ ಜಿಲ್ಲೆಯಲ್ಲಿ ತಂಟೆಯ ವಿಷಯ. ಯಾರು ಆ ಊರಿನವರು, ಯಾರಲ್ಲ ಎಂಬ ಪಟ್ಟಿ ಗಟ್ಟಿಯಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲ ಹೇಳಿದಾಗ ನನ್ನ ಗೆಳತಿಯೊಬ್ಬಳು ಕೇಳಿದಳು: 'ಹಾಳು ಗೋಡೆ ನೋಡಿ ಖುಷಿಪಡುವುದೂ ತಪ್ಪಾ? ಎಲ್ಲ ಪ್ರವಾಸಿಯೂ ಜನಗಣತಿ ಮಾಡಬೇಕಾ?' ತಪ್ಪಲ್ಲ. ಶೆಟ್ಟಿಹಳ್ಳಿಯ ಕಮಾನಿನೊಳಗಿಂದ ಸಂಜೆಯ ನೀರು ನೋಡಿ ನಾನೂ ಸುಮ್ಮನೆ ನಿಂತಿದ್ದೇನೆ. ಇಂಗ್ಲೆಂಡಿನ ಡಾರ್ಬಿಶೈರ್‌ನಲ್ಲಿ ಲೇಡಿಬೋವರ್ ಜಲಾಶಯಕ್ಕಾಗಿ ಡರ್ವೆಂಟ್ ಎಂಬ ಹಳ್ಳಿ ಮುಳುಗಿದಾಗ ಚರ್ಚಿನ ಗೋಪುರವನ್ನು ಮಾತ್ರ ನೆನಪಿಗೆಂದು ಉಳಿಸಿದರು. ನೋಡಲು ಬಂದವರು ನೀರಿಗಿಳಿದು ಗೋಪುರದತ್ತ ಈಜತೊಡಗಿದಾಗ, ಅಪಾಯವೆಂದು 1947ರ ಡಿಸೆಂಬರಿನಲ್ಲಿ ಅದನ್ನು ಸಿಡಿಸಿದರು. ನೋಟದ ಆಸೆ ಎಲ್ಲ ಕಡೆ ಒಂದೇ. ನನ್ನ ತಕರಾರು ನೋಡುವವರ ಮೇಲಲ್ಲ, ಬರೆಯುವವರ ಮೇಲೆ. ಬರೆಯುವವರಿಗೆ ಕಂಡದ್ದಕ್ಕಿಂತ ಒಂದು ಪ್ರಶ್ನೆ ಹೆಚ್ಚು ಕೇಳುವ ಹೊಣೆಯಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಹೊಣೆ ಹೆಚ್ಚಾಗಿದೆ. ಜಗತ್ತಿನ ಪರಂಪರೆ ಎಂದು ಒಂದು ಕಲ್ಲಿಗೆ ಬೇಲಿ ಹಾಕಿದಾಗ ಬೇಲಿಯ ಹೊರಗೆ ಉಳಿಯುವುದು ಆ ಕಲ್ಲಿನ ಒಕ್ಕಲೇ.

ಕಳೆದ ಮೇ ತಿಂಗಳಲ್ಲಿ ನೀರು ಪೂರಾ ಇಳಿದಿದ್ದಾಗ ಶೆಟ್ಟಿಹಳ್ಳಿಗೆ ಹೋಗಿದ್ದೆ. ಎಪ್ಪತ್ತು ದಾಟಿದ ಹೆಂಗಸೊಬ್ಬರು ಮೊಮ್ಮಗನ ಜೊತೆ ಬಂದು ಪೀಠವಿದ್ದ ಜಾಗದಲ್ಲಿ ಮೇಣದ ಬತ್ತಿ ಹಚ್ಚುತ್ತಿದ್ದರು. 'ಏನವ್ವ, ಫೋಟೋಕ್ಕೆ ಬಂದ್ಯಾ?' ಎಂದರು. ಅಲ್ಲ, ಊರಿನ ಬಗ್ಗೆ ಬರೀಬೇಕು ಅಂತ ಬಂದೆ ಎಂದೆ. ಅವರ ಮದುವೆ ಆದದ್ದು ಇಲ್ಲೇ, ಆಗ ಚಾವಣಿಯಿತ್ತು, ಗಂಟೆಯಿತ್ತು. ಮನೆಗಳು ಎಲ್ಲಿದ್ದವು ಎಂದು ಕೇಳಿದೆ. ಬಾಗಿಲಿಗೆ ಬಂದು, ಬಿರಿದ ಕೆಸರಿನ ಕಡೆ ಕೈಮಾಡಿ, ಹಳ್ಳದ ದಿಕ್ಕಿನಿಂದ ಶುರುಮಾಡಿ ಬೆರಳು ಮಡಿಸುತ್ತ ಒಂದೊಂದೇ ಮನೆಯ ಹೆಸರು ಹೇಳತೊಡಗಿದರು. ಮಧ್ಯದಲ್ಲಿ ತಪ್ಪಿತು. 'ತಡಿ, ತಡಿ, ಅವರ ಅತ್ತೆ ಮನೆ ಬಿಟ್ಟೋಯ್ತು' ಎಂದು ಮತ್ತೆ ಮೊದಲಿನಿಂದ ಹಿಡಿದರು. ಮೊಮ್ಮಗ ಹೊತ್ತಾಯ್ತು ಎಂದು ಅವಸರ ಮಾಡುತ್ತಿದ್ದ. ಎಣಿಕೆ ಅವತ್ತು ಮುಗಿಯಲಿಲ್ಲ. 'ಮಳೆ ಹಿಡಿಯೋಕ್ ಮುಂಚೆ ಇನ್ನೊಂದ್ಸಲ ಬಾ, ಪೂರ್ತಿ ಹೇಳ್ತೀನಿ' ಎಂದರು. ನನ್ನ ಪ್ರಬಂಧದ ಮೂರು ಅಧ್ಯಾಯಗಳು ಮುಗಿದಿವೆ. ಆ ಮನೆಗಳ ಪಟ್ಟಿ ಇನ್ನೂ ಹನ್ನೊಂದನೆಯದಕ್ಕೆ ನಿಂತಿದೆ.